ಎಲ್‌ಎಲ್‌ಬಿ ಮುಗಿದ ಕೂಡಲೇ ಅಂತರರಾಷ್ಟ್ರೀಯ ಕಾನೂನಿನ ಎಲ್‌ಎಲ್‌ಎಂ (ಸ್ನಾತಕೋತ್ತರ ಪದವಿ) ಓದಲು ಹೇಗ್‌ ಕಡೆ ಹೊರಡಬೇಕೆ?

ಪರ

ಡೊಂಬಿವಲಿಯಿಂದ ಲೋಕಲ್ ಹಿಡಿದು ಕಾನೂನು ಓದಲು ಹೋಗುವ ನಮ್ಮ ಕನ್ನಡದ ಮಕ್ಕಳಿಗೆ ಅಂತರರಾಷ್ಟ್ರೀಯ ಕಾನೂನು ಎಂದು ಕಡ್ಡಾಯವಾಗಿ ಸಿಗುವುದು ಒಂದೇ ಪತ್ರಿಕೆ. ಒಪ್ಪಂದ, ಸಮುದ್ರ, ರಾಯಭಾರ ಎಲ್ಲವನ್ನೂ ಅದರೊಳಗೇ ತುರುಕಿರುತ್ತಾರೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇದಕ್ಕೇ ಇಡೀ ಒಂದು ವರ್ಷದ ಎಲ್‌ಎಲ್‌ಎಂ, 60 ಕ್ರೆಡಿಟ್. ಕಾಲು ಗಂಟೆ ರೈಲಿನಲ್ಲಿ ಕೂತರೆ ಹೇಗ್; ಅಂತರರಾಷ್ಟ್ರೀಯ ನ್ಯಾಯಾಲಯದ ವಾದವನ್ನು ಕಣ್ಣಾರೆ ನೋಡಬಹುದು. ಆ ನ್ಯಾಯಾಲಯದ ಫೆಲೋಶಿಪ್‌ಗೆ ಹೆಸರು ಸೂಚಿಸುವುದು ವಿಶ್ವವಿದ್ಯಾಲಯಗಳು. ಹೊರಗೆ ನಿಂತವರಿಗೆ ಆ ಬಾಗಿಲು ಕಾಣುವುದೂ ಇಲ್ಲ.

ಮರಳಿ ಬಂದರೆ ಮುಂಬೈಯಲ್ಲಿ ಇದಕ್ಕೇನು ಕೆಲಸ ಅನ್ನುವವರು ಬಂದರಿನ ಕಡೆ ನೋಡಿಲ್ಲ. ಸಿಬ್ಬಂದಿಯ ಸಂಬಳ ಬಾಕಿಯಿದ್ದರೆ 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಡಿ ಹೈಕೋರ್ಟಿನಿಂದ ಹಡಗನ್ನೇ ಅರೆಸ್ಟ್ ಮಾಡಿಸಬಹುದು (ವಕೀಲರ ಬಾಯಲ್ಲಿ ಇದೇ ಮಾತು). ಕೋರ್ಟಿನ ಆದೇಶ ಜಾರಿ ಮಾಡುವ ಶೆರೀಫರ ಕಡೆಯವರು ಹೋಗಿ ವಾರಂಟ್ ಅಂಟಿಸುತ್ತಾರೆ. ಬಾವುಟ ಪನಾಮಾದ್ದು, ಮಾಲೀಕ ಗ್ರೀಸಿನವನು, ದುಡಿದವರು ಉಡುಪಿ ಕಡೆಯವರು. ಮೂರು ದೇಶದ ಈ ಗಂಟನ್ನು ಒಂದೇ ಅಫಿಡವಿಟ್‌ನಲ್ಲಿ ಬಿಡಿಸಲು ಒಂದು ಪತ್ರಿಕೆಯ ಓದು ಸಾಲದು.

ವಿರೋಧ

ಅಫಿಡವಿಟ್ ಬರೆಯುವುದನ್ನು ಲೈಡನ್ ಕಲಿಸುವುದಿಲ್ಲ, ಸೀನಿಯರ್‌ರ ಛೇಂಬರ್ ಕಲಿಸುತ್ತದೆ. ವಕಾಲತ್ತಿಗೆ ಎಲ್‌ಎಲ್‌ಎಂ ಬೇಕಾಗಿಯೂ ಇಲ್ಲ. ಸನದು (ವಕೀಲಿಕೆಯ ಪರವಾನಗಿ), ಬಾರ್ ಪರೀಕ್ಷೆ, ಅಷ್ಟೇ. ಮೇಷ್ಟರಾಗುವ ಆಸೆಯಿದ್ದವರಿಗೆ ತೊಡಕು ಜಾಸ್ತಿ: ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿನದಕ್ಕೆ ಸಮವಲ್ಲ ಎಂದು ಬಾರ್ ಕೌನ್ಸಿಲ್ 2020ರ ನಿಯಮಗಳಲ್ಲೇ ಬರೆಯಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಎಲ್‌ಎಲ್‌ಎಂ ಮೂಲಕ ನ್ಯೂಯಾರ್ಕ್ ಬಾರ್‌ಗೆ ಅರ್ಹರಾಗುವವರು 24 ಕ್ರೆಡಿಟ್‌ಗಳಲ್ಲಿ 12ನ್ನು ಅಮೆರಿಕದ ಕಾನೂನು, ಬರವಣಿಗೆ, ವೃತ್ತಿನೀತಿಗೇ ಕೊಡಬೇಕು. ಅಂತರರಾಷ್ಟ್ರೀಯಕ್ಕೆ ಉಳಿಯುವುದು ಅರ್ಧ.

ಇನ್ನು ದುಡ್ಡು. ಮುಂಬೈಯ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದ ಓದಿಗೆ 1892ರಿಂದ ಕೊಡುತ್ತಿರುವುದೂ ಸಾಲವೇ, ತೀರಿಸಬೇಕು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ, ಬಾಡಿಗೆ ದುಡ್ಡನ್ನು ಮನೆಯವರೇ ಕಳಿಸಬೇಕು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಕೋರ್ಸ್ ಶುಲ್ಕದ ಬಾಕಿ ಮತ್ತು ಒಂಬತ್ತು ತಿಂಗಳವರೆಗಿನ ಖರ್ಚಿನ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. 27ನೇ ದಿನ ಅಪ್ಪನ ಫ್ಲ್ಯಾಟಿನ ಕಂತು ಕಡಿತವಾಗಿ ಮೊತ್ತ ಇಳಿಯಿತೋ, ಎಣಿಕೆ ಮತ್ತೆ ಒಂದರಿಂದ.

ಅಷ್ಟು ಹಂಬಲವಿದ್ದರೆ ಹೇಗ್ ಅಕಾಡೆಮಿಯ ಮೂರು ವಾರದ ಬೇಸಿಗೆ ಕೋರ್ಸ್ ಮಾಡಿ ನೋಡಲಿ. ಎರಡು ವರ್ಷ ಕೋರ್ಟು ತಿರುಗಿದ ಮೇಲೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಅದು ಕೇಳುವ ಅನುಭವವೂ ಅಷ್ಟೇ, ಮತ್ತು ಅದನ್ನು ತೀರಿಸಬೇಕಾಗಿಲ್ಲ.