ಶಿರಸಿಯ ಬರ ಮಳೆಮಾಪಕದಲ್ಲಿ ಕಾಣದು

ಶಿರಸಿಯಲ್ಲೂ ನೀರಿಗೆ ಬರ ಅಂದರೆ ಮಹಾರಾಷ್ಟ್ರದವರು ನಂಬುವುದಿಲ್ಲ. ಶಿರಸಿಗೆ ವರ್ಷಕ್ಕೆ ಸುಮಾರು 2500 ಮಿ.ಮೀ., ಕಾರವಾರಕ್ಕೆ 3000ದ ಆಸುಪಾಸು ಮಳೆ. ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಳ್ಳಿ ಹಿವರೆ ಬಾಜಾರ್‌ನಲ್ಲಿ 400 ಬಿದ್ದರೆ ಒಳ್ಳೆಯ ವರ್ಷ. ನಮ್ಮ ಕಡೆ ಬೀಳುವುದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು, ಚಿರೆಕಲ್ಲಿನ ನೆಲದಲ್ಲಿ ಜಾಲರಿಯಲ್ಲಿ ಸುರಿದಂತೆ ಸೋರಿ ಸಮುದ್ರ ಸೇರುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ವಾಡಿಕೆಗಿಂತ ಶೇ 25ಕ್ಕೂ ಹೆಚ್ಚು ಮಳೆ ಕೊರತೆಯಾದರೆ ಮಾತ್ರ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬರ. ಶಿರಸಿಯಲ್ಲಿ ಶೇ 20 ಕಮ್ಮಿಯಾದರೂ 2000 ಮಿ.ಮೀ. ಉಳಿಯುತ್ತದೆ, ಕಾಗದದ ಮೇಲೆ ಎಲ್ಲವೂ ಸುಭಿಕ್ಷ. ಆದರೆ ಹಸ್ತಾ, ಚಿತ್ತಾ ಮಳೆ ಕೈಕೊಟ್ಟ ವರ್ಷ ಫೆಬ್ರವರಿಗೇ ಬಾವಿಯ ಒರತೆ ಸಣ್ಣಗಾಗುತ್ತದೆ. ಜುಲೈನ ಒಂದು ವಾರದ ಜಡಿಮಳೆ ಇಡೀ ವರ್ಷದ ಸರಾಸರಿಯನ್ನು ಸರಿಮಾಡಿ ತೋರಿಸಿಬಿಡುತ್ತದೆ.

ಮಳೆ ಅಳೆಯುವುದರಲ್ಲಿ ಕರ್ನಾಟಕ ಹಿಂದಿಲ್ಲ. ಬರ ಉಸ್ತುವಾರಿ ಕೋಶ ಶುರುವಾದದ್ದು 1988ರಲ್ಲಿ. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕಗಳಿವೆ. ಮಹಾರಾಷ್ಟ್ರದ ‘ಮಹಾವೇಧ್’ ಹವಾಮಾನ ಕೇಂದ್ರಗಳಿರುವುದು ಕಂದಾಯ ಹೋಬಳಿಯ ಮಟ್ಟದಲ್ಲಿ, ಅಂದರೆ ನಮ್ಮದೇ ಜಾಲ ಹೆಚ್ಚು ಸೂಕ್ಷ್ಮ. ವ್ಯತ್ಯಾಸ ಇರುವುದು ಅಂಕಿಯ ಬಳಕೆಯಲ್ಲಿ. ಹಿವರೆ ಬಾಜಾರ್‌ನಲ್ಲಿ ಮಳೆಗಾಲ ಮುಗಿದ ಮೇಲೆ ಮಳೆಯನ್ನೂ ಬಾವಿಯ ಮಟ್ಟವನ್ನೂ ಗ್ರಾಮಸಭೆಯ ಮುಂದಿಟ್ಟು, ಕುಡಿಯುವ ನೀರನ್ನು ತೆಗೆದಿರಿಸಿ, ಉಳಿದದ್ದಕ್ಕೆ ಯಾವ ಬೆಳೆ ಎಂದು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಮಳೆಮಾಪಕದ ನೆನಪಾಗುವುದು ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಹಣ ಬರುವ ಹೊತ್ತಿಗೆ!

ಮಲೆನಾಡಿನಲ್ಲಿ ಸೆನ್ಸರ್ ಇರಬೇಕಾದ ಜಾಗ ಬಾವಿ. ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ ಇಲ್ಲಿಗೆ ಆಗಿಬರುವುದಿಲ್ಲ: 4–5 ಮೀಟರ್ ಆಚೆ ಅದರ ಅಳತೆ ನಂಬುವಂತಿಲ್ಲ, ಬಾವಿಯ ಗೋಡೆಯ ಬೇರು, ಜರಿಗಿಡಕ್ಕೆ ಬಡಿದ ಸದ್ದನ್ನೇ ನೀರು ಅಂದುಕೊಳ್ಳುತ್ತದೆ. ನೀರಿನೊಳಗೆ ಇಳಿಬಿಡುವ ಪ್ರೆಶರ್ ಸೆನ್ಸರ್ ಬೇಕು. ಅದರ ಕೇಬಲಿನೊಳಗೆ ಗಾಳಿಯಾಡುವ ಸಣ್ಣ ಕೊಳವೆ ಇರಲೇಬೇಕು. ಇಲ್ಲದಿದ್ದರೆ ಗಾಳಿಯ ಒತ್ತಡ 10 ಮಿಲಿಬಾರ್ ಬದಲಾದಾಗ ನೀರು ಏರದೆಯೇ 10 ಸೆಂ.ಮೀ. ಏರಿದಂತೆ ತೋರುತ್ತದೆ. ಆ ಕೊಳವೆಯ ಬಾಯಿಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಬೇಕು. ಶಿರಸಿಯ ಮಳೆಗಾಲದ ತೇವಕ್ಕೆ ಅದು ಬೇಗನೆ ಬಣ್ಣಗೆಡುತ್ತದೆ. ಸೆನ್ಸರಿಗೆ ಸದಾ ಕರೆಂಟು ಕೊಟ್ಟಿಟ್ಟರೆ 7 ಆಂಪಿಯರ್-ಅವರ್ ಬ್ಯಾಟರಿ ತಿಂಗಳೊಳಗೆ ಖಾಲಿ. 15 ನಿಮಿಷಕ್ಕೊಮ್ಮೆ, ಓದುವ ಮುಂಚೆ ಒಂದೆರಡು ಸೆಕೆಂಡು ಮಾತ್ರ ಆನ್ ಮಾಡಿದರೆ ಸಾಕು. ಅಡಿಕೆ ಮರದ ನೆರಳಲ್ಲಿ ಸೋಲಾರ್ ಫಲಕ ನಡೆಯದು, ಅದನ್ನು ಮನೆಯ ಮಾಡಿನ ಮೇಲೋ ಬೆಟ್ಟದ ಬಯಲಲ್ಲೋ ಕೂರಿಸಿ. ಮಾಹಿತಿ ಕಳಿಸಲು 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊಗೆ ಲೈಸೆನ್ಸ್ ಬೇಡ. ಆದರೆ ಕಣಿವೆಯ ತೋಟದಿಂದ ಸಿಗ್ನಲ್ ಮೇಲೇಳಬೇಕಾದರೆ ಅದನ್ನು ಹಿಡಿಯುವ ಗೇಟ್‌ವೇ ಗುಡ್ಡದ ನೆತ್ತಿಯಲ್ಲಿರಬೇಕು. ಗುಡುಗಿನ ತಿಂಗಳುಗಳಾದ ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ಉದ್ದದ ಕೇಬಲ್ ಸಿಡಿಲನ್ನು ಮನೆಗೇ ಕರೆದು ತರುತ್ತದೆ, ಆ ಹೊಡೆತ ತಡೆಯುವ ಸರ್ಜ್ ಅರೆಸ್ಟರ್ ಬಿಡಬೇಡಿ.

ಈಗ ಮುನ್ಸೂಚನೆ. ಎಕರೆಗೆ 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಎಂದರೆ ಸುಮಾರು 10,000 ಲೀಟರ್. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ ಅದು 1.4 ಮೀಟರ್ ನೀರು. ಸಂಜೆ ಅಷ್ಟು ಎತ್ತಿದ್ದು ಬೆಳಗಿನ 4 ಗಂಟೆಗೆ ಪೂರಾ ತುಂಬಿದರೆ ಚಿಂತೆಯಿಲ್ಲ. ದಿನಕ್ಕೆ 5 ಸೆಂ.ಮೀ. ಬಾಕಿ ಉಳಿದು, ಪಂಪಿನ ಪೈಪಿನ ತಳದ ಫೂಟ್ ವಾಲ್ವಿನ ಮೇಲೆ 3 ಮೀಟರ್ ನೀರು ಇದ್ದರೆ, ಅದರಲ್ಲಿ 1.4 ಮೀಟರ್ ಅಂದಂದಿನ ಪಂಪಿಗೇ ಬೇಕು, ಉಳಿದ 1.6 ಮೀಟರ್ 32 ದಿನಕ್ಕೆ ಮುಗಿಯುತ್ತದೆ. ಒರತೆ ದಿನದಿನಕ್ಕೂ ಕುಗ್ಗುವುದರಿಂದ ನಿಜದಲ್ಲಿ ಅದಕ್ಕೂ ಮುಂಚೆಯೇ. ವಾರಕ್ಕೊಮ್ಮೆ ಈ ಲೆಕ್ಕ ಹಾಕಿದವನಿಗೆ ಜನವರಿಯಲ್ಲೇ ಮಾರ್ಚ್ ಕಾಣುತ್ತದೆ. ದರಕು (ಒಣ ಎಲೆ) ಹಾಸುವುದು, ಹಳ್ಳಕ್ಕೆ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವುದು ಆಗ ಮಾಡಿದರೆ ಫಲವುಂಟು. ಏಪ್ರಿಲ್‌ನಲ್ಲಿ ಕಟ್ಟ ಕಟ್ಟಲು ಹಳ್ಳದಲ್ಲಿ ನೀರೆಲ್ಲಿದೆ?

ಕರಾವಳಿಯಲ್ಲಿ ಮಟ್ಟವೊಂದೇ ಸಾಲದು. ಕಾರವಾರ, ಅಂಕೋಲಾ, ಕುಮಟಾದ ಹೊಳೆಬಾಯಿ ಹತ್ತಿರದ ಬಾವಿಗಳಲ್ಲಿ ನೀರು ಬತ್ತುವ ಮೊದಲು ಉಪ್ಪಾಗುತ್ತದೆ. ಅಲ್ಲಿ ಉಪ್ಪು ಹೆಚ್ಚಿದಂತೆ ಏರುವ ನೀರಿನ ವಿದ್ಯುತ್ ವಾಹಕತೆ ಅಳೆಯುವ ಸೆನ್ಸರನ್ನೂ ಇಳಿಸಬೇಕು, ಕಡಲ ಭರತದ ಹೊತ್ತಿನ ಅಂಕಿಯನ್ನು ಬೇರೆಯಾಗಿ ನೋಡಬೇಕು. ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಶೇ 2ರಷ್ಟು ಏರುತ್ತದೆ. 25 ಡಿಗ್ರಿಗೆ ತಾಳೆ ಮಾಡದಿದ್ದರೆ ಬೇಸಿಗೆಯ ಸೆಕೆಯನ್ನೇ ಉಪ್ಪು ಅಂದುಕೊಂಡು ಗಾಬರಿಯಾಗುತ್ತೀರಿ.

ಮಜರೆಗೆ ಮೂರು ಬಾವಿ ಸಾಕು: ಕಣಿವೆಯ ತಲೆಯಲ್ಲೊಂದು, ನಡುವೆ ಒಂದು, ಪಂಪು ಹಾಕದ್ದು ಒಂದು. ತೋಟದ ಕೆಳತುದಿಯ ಬಾವಿಯನ್ನು ಮಾತ್ರ ಆರಿಸಬೇಡಿ, ಮೇಲಿನವರು ಮರಕ್ಕೆ ಬಿಟ್ಟ ನೀರು ಅಲ್ಲಿಗೇ ಬಸಿದು ಬರುತ್ತದೆ.