ಡಬ್ಬಿ ಬದಲಾಯಿಸಿದ್ದು ಅರ್ಧ ಗಂಟೆ, ಅಲ್ಲಿವರೆಗೆ ಬರೋಕೆ ಎರಡು ತಿಂಗಳು

ಕಳೆದ ಮಳೆಗಾಲದಲ್ಲಿ ನಮ್ಮ ಆಟೋಮ್ಯಾಟಿಕ್ ಗಾಡಿಯ ಗೇರ್ ಬದಲಾಯಿಸೋ ಕಂಪ್ಯೂಟರ್ ಡಬ್ಬಿ ಕೈಕೊಟ್ಟ ಕಥೆ ಇದು, ಬರೀಬೇಕು ಬರೀಬೇಕು ಅಂತ ಅಂದ್ಕೊಂಡು ಇವತ್ತು ಕೂತಿದ್ದೀನಿ, ಸ್ವಲ್ಪ ಉದ್ದ ಆಗತ್ತೆ.

ಧರ್ಮಸ್ಥಳಕ್ಕೆ ಹೋಗಿ ವಾಪಸ್ ಮೂಡಿಗೆರೆ ಕಡೆ ಬರ್ತಿದ್ವಿ. ಚಾರ್ಮಾಡಿ ಅರ್ಧ ಹತ್ತಿದ್ದೀವಿ, ಒಂದು ತಿರುವಲ್ಲಿ ಗಾಡಿ ಧಡ್ ಅಂತು, ಮೀಟರ್ ಬೋರ್ಡಲ್ಲಿ ಹಳದಿ ಲೈಟು, ಡಿ (ಡ್ರೈವ್) ಅನ್ನೋ ಅಕ್ಷರ ಮಿಣಮಿಣ ಅನ್ನೋಕೆ ಶುರು. ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಮಾತ್ರ ಕೂಗ್ಕೊಳ್ಳತ್ತೆ, ಗಾಡಿ ನೀರಿಂದ ಏಳಕ್ಕೆ ಮನಸ್ಸಿಲ್ಲದ ಎಮ್ಮೆ ಥರ. ಮೂರನೇ ಗೇರಲ್ಲಿ ಕಚ್ಕೊಂಡ್ಬಿಟ್ಟಿತ್ತು. ಹಿಂದೆ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್, ಪಕ್ಕದ ಸೀಟಲ್ಲಿ ಅಪ್ಪ "ಅವತ್ತೇ ಹೇಳಿದ್ದೆ, ಕೈಗೆ ಗೇರ್ ಸಿಗೋ ಗಾಡಿ ತಗೋ ಅಂತ". ಹೇಗೋ ಒಂದ್ಕಡೆ ನಿಲ್ಸಿ, ಆಫ್ ಮಾಡಿ ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮನೆ ಸೇರಿದ್ವಿ.

ಈ "ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ" ಅನ್ನೋ ರೋಗ ಇದ್ಯಲ್ಲ, ಅದೇ ಎರಡು ತಿಂಗಳು ನನ್ನ ಕುಣಿಸಿದ್ದು. ಗ್ಯಾರೇಜಿಗೆ ತಗೊಂಡೋದ್ರೆ ಅಲ್ಲಿ ಸಾಧು ಹಸು, ಬಿಸಿ ಏರಿ ಘಾಟಿ ಹತ್ತುವಾಗ ಮಾತ್ರ ಆಟ.

ಗಾಡಿ ಯಾವ ಕಂಪನಿದು ಅಂತ ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ. ಒಂಬತ್ತು ವರ್ಷದ ಡೀಸೆಲ್ ಎಸ್‌ಯುವಿ, ಆರು ಗೇರಿನ ಆಟೋಮ್ಯಾಟಿಕ್, ಒಂದು ಲಕ್ಷದ ಮೇಲೆ ಓಡಿದೆ, ಅಷ್ಟು ಸಾಕು.

ಮೊದಲು ಹೋದ ಗ್ಯಾರೇಜಲ್ಲಿ ಒಂದು ರೌಂಡ್ ಓಡಿಸಿ ಬಂದು "ಗೇರ್‌ಬಾಕ್ಸ್ ಇಳಿಸ್ಬೇಕು ಸಾರ್, ಒಳಗೆ ಕ್ಲಚ್ ಪ್ಲೇಟ್ ಎಲ್ಲಾ ಹೋಗಿರತ್ತೆ" ಅಂದ್ರು. ಎರಡು ಲಕ್ಷ ಎಂಬತ್ತು ಸಾವಿರ, ಅದೂ ಅಂದಾಜು, ಬಿಚ್ಚಿದ ಮೇಲೆ ಇನ್ನೂ ಏನಾದ್ರೂ ಸಿಕ್ಕಿದ್ರೆ ಬೇರೆ. ಗಾಡಿ ಕಂಪ್ಯೂಟರ್ ಬರ್ಕೊಂಡಿರೋ ದೋಷ ಓದೋ ಸ್ಕ್ಯಾನರ್ ಹಾಕಿದ್ರಾ ಅಂತ ಕೇಳಿದೆ. "ಅನುಭವ ಸಾರ್" ಅಂದ್ರು. ನಾಡಿ ನೋಡೋ ಮೊದಲೇ ಆಪರೇಷನ್ ಅಂದಂಗಾಯ್ತು ಅಂತ ವಾಪಸ್ ಬಂದೆ.

ಇಲ್ಲಿ ಸ್ವಲ್ಪ ವಿಷಯ ಹೇಳ್ತೀನಿ, ಗೊತ್ತಿರೋರು ಮುಂದೆ ಹೋಗಿ. ಆಟೋಮ್ಯಾಟಿಕ್ ಗಾಡಿಲಿ ಯಾವಾಗ ಯಾವ ಗೇರ್ ಹಾಕ್ಬೇಕು ಅಂತ ತೀರ್ಮಾನ ಮಾಡೋದು ಟಿಸಿಎಂ ಅಂತ ಒಂದು ಡಬ್ಬಿ, ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್. ಗಾಡಿ ಸ್ಪೀಡು, ನೀವು ಎಷ್ಟು ಒತ್ತಿದ್ದೀರಿ, ಗೇರ್ ಆಯಿಲ್ ಎಷ್ಟು ಬಿಸಿ ಇದೆ ಎಲ್ಲಾ ನೋಡ್ಕೊಂಡು ಗೇರ್‌ಬಾಕ್ಸ್ ಒಳಗಿರೋ ಸೊಲೆನಾಯ್ಡ್‌ಗಳಿಗೆ ಕರೆಂಟ್ ಕೊಡತ್ತೆ, ಅವು ಆಯಿಲ್ ದಾರಿ ತೆಗೆದು ಮುಚ್ಚಿ ಮಾಡ್ತವೆ, ಗೇರ್ ಬದಲಾಗತ್ತೆ. ಕೆಲವು ಗಾಡಿಲಿ ಈ ಡಬ್ಬಿ ಗೇರ್‌ಬಾಕ್ಸ್ ಒಳಗೇ ಇರತ್ತೆ, ನನ್ನದರಲ್ಲಿ ಪುಣ್ಯಕ್ಕೆ ಹೊರಗೆ, ಬ್ಯಾಟರಿ ಹಿಂದೆ ಮೂಲೆಲಿ. ಡಬ್ಬಿ ಸತ್ತೋದ್ರೆ ಸೊಲೆನಾಯ್ಡಿಗೆ ಕರೆಂಟಿಲ್ಲ, ಕರೆಂಟಿಲ್ಲದಿದ್ರೆ ಗೇರ್‌ಬಾಕ್ಸ್ ತಾನೇ ಒಂದು ಗೇರಲ್ಲಿ ನಿಂತ್ಕೊಳ್ಳತ್ತೆ, ಎಷ್ಟೋ ಗಾಡಿಲಿ ಮೂರನೇದು. ಲಿಂಪ್ ಮೋಡ್ ಅಂತಾರೆ, ಕುಂಟಿಕೊಂಡಾದ್ರೂ ಮನೆ ಸೇರ್ಲಿ ಅಂತ. ಅಂದ್ರೆ ಮೂರರಲ್ಲಿ ಕಚ್ಕೊಂಡ್ರೆ ಗೇರ್‌ಬಾಕ್ಸೇ ಹೋಗಿರ್ಬೇಕು ಅಂತೇನಿಲ್ಲ ಮಾರಾಯ್ರೆ.

ಆಮೇಲೆ ಭಾವನ ಮೂಲಕ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದ್ರು, ಐವತ್ತೈದು ಅರವತ್ತು ವಯಸ್ಸು, ಮಾತು ಕಮ್ಮಿ. ನಾನು ದೊಡ್ಡದಾಗಿ ಆನ್‌ಲೈನಲ್ಲಿ ತಗೊಂಡಿದ್ದ ಬ್ಲೂಟೂತ್ ರೀಡರ್ ತೋರಿಸಿ "ಪಿ0700 ಅಂತ ದೋಷದ ಕೋಡ್ ಬರ್ತಿದೆ ಅಣ್ಣ" ಅಂದೆ. ನಕ್ಕುಬಿಟ್ರು. "ಅದು ಇಂಜಿನ್ ಕಂಪ್ಯೂಟರ್ ಹೇಳ್ತಿರೋದು. ಪಕ್ಕದ ಮನೇಲಿ ಏನೋ ಗಲಾಟೆ ಅಂತ ಅಷ್ಟೇ ಹೇಳತ್ತೆ. ಏನು ಗಲಾಟೆ ಅಂತ ಆ ಮನೆಯವ್ರನ್ನೇ ಕೇಳ್ಬೇಕು." ಅವರ ಸ್ಕ್ಯಾನರ್ ಹಾಕಿದಾಗ ಯು0101 ಸಿಕ್ತು, ಅಂದ್ರೆ ಟಿಸಿಎಂ ಜೊತೆ ಮಾತೇ ನಿಂತೋಗಿತ್ತು ಅಂತ ಬೇರೆ ಮಾಡ್ಯೂಲ್ ಬರ್ಕೊಂಡಿದೆ.

ನನಗೆ ಖುಷಿ, ಡಬ್ಬಿ ಹೋಗಿದೆ ಬದಲಾಯಿಸಿ ಅಂದೆ. "ತಡೀರಿ" ಅಂದ್ರು. ಮಾತು ನಿಂತಿದೆ ಅಂದ ಮಾತ್ರಕ್ಕೆ ಬಾಯೇ ಹೋಗಿದೆ ಅಂತಲ್ಲ, ವೈರೂ ಹೋಗಿರ್ಬಹುದು, ಕರೆಂಟೇ ಸಿಗ್ತಿಲ್ದೇ ಇರ್ಬಹುದು. ಬ್ಯಾಟರಿ ನೋಡಿದ್ರು, ಸರಿ ಇತ್ತು. ಬ್ಯಾಟರಿ ತೆಗೆದು ಸ್ಕ್ಯಾನರ್ ಚುಚ್ಚೋ ಓಬಿಡಿ ಸಾಕೆಟ್ಟಿನ 6 ಮತ್ತೆ 14ನೇ ಪಿನ್ ನಡುವೆ ಮಲ್ಟಿಮೀಟರ್ ಇಟ್ರು, 60 ಓಮ್ ಬರ್ಬೇಕಂತೆ, ಬಂತು, ಮಾಡ್ಯೂಲ್‌ಗಳು ಮಾತಾಡೋ ಲೈನ್ ಸರಿ. ಆಮೇಲೆ ಡಬ್ಬಿಗೆ ವೈರ್ ಸೇರಿಸೋ ಕಪ್ಲರ್ ಎಳೆದ್ರೆ ಒಳಗೆ ಹಸಿರು ಕಿಲುಬು! ಮುಂದಿನ ಗ್ಲಾಸ್ ಕೆಳಗೆ ನೀರು ಹೋಗೋ ದಾರಿ ಇರತ್ತಲ್ಲ, ಅಲ್ಲಿ ನಮ್ಮ ತೋಟದ ಸಿಲ್ವರ್ ಓಕ್ ಎಲೆ ಒಂದು ಬುಟ್ಟಿ ತುಂಬ್ಕೊಂಡು, ನೀರೆಲ್ಲಾ ಪಕ್ಕಕ್ಕೆ ಹರಿದು ನೇರ ಡಬ್ಬಿ ಮೇಲೆ. ಒಂಬತ್ತು ಮಳೆಗಾಲ ಗಾಡಿನ ಅದೇ ಮರದ ಕೆಳಗೆ ನಿಲ್ಲಿಸಿದೋನು ನಾನೇ, ಕಂಪನಿನ ಯಾಕೆ ಬಯ್ಯಲಿ.

ಕಪ್ಲರ್, ಅರ್ಥ್ ವೈರ್ ಎಲ್ಲಾ ಕ್ಲೀನ್ ಮಾಡಿದ್ರು. ಒಂದು ವಾರ ಸರಿಯಿತ್ತು, ಮತ್ತೆ ಧಡ್. ವಾಪಸ್ ಹೋದಾಗ ಅವರು ಮಾಡಿದ್ದು ನೋಡಿ ನನಗೆ ಅವರ ಕಾಲಿಗೆ ಬೀಳೋಣ ಅನ್ಸಿತ್ತು. ಮನೆಯಿಂದ ಹೇರ್ ಡ್ರೈಯರ್ ತರಿಸಿದ್ರು (ಮಗಳದ್ದಂತೆ, ಹುಷಾರಾಗಿ ಬಳಸಿ ಅಂತ ಫೋನ್ ಬೇರೆ ಬಂತು). ಗಾಡಿ ಸ್ಟಾರ್ಟಲ್ಲಿ ಇಟ್ಟು ಡಬ್ಬಿಗೆ ಮಾತ್ರ ನಿಧಾನಕ್ಕೆ ಬಿಸಿ ಗಾಳಿ ಬಿಟ್ರು. ಐದಾರು ನಿಮಿಷಕ್ಕೆ ಡಿ ಮಿಣಮಿಣ! ತಣ್ಣಗೆ ಮಾಡಿ, ಆಫ್ ಮಾಡಿ ಆನ್ ಮಾಡಿದ್ರೆ ಸರಿ. ಮತ್ತೆ ಬಿಸಿ ಮಾಡಿದ್ರೆ ಮತ್ತೆ ಮಿಣಮಿಣ. ಒಳಗೆ ಬೋರ್ಡಲ್ಲಿ ಬೆಸುಗೆ ಬಿರುಕು ಬಿಟ್ಟಿದೆ, ಬಿಸಿ ಆದ್ರೆ ಹಿಗ್ಗಿ ಕೈ ಬಿಡತ್ತೆ ಅಂದ್ರು. "ಈಗ ಬದಲಾಯಿಸಿ" ಅಂದ್ರು.

ಇದಕ್ಕೆಲ್ಲಾ ಸೇರಿ ಅವರು ತಗೊಂಡಿದ್ದು 1,500 ರೂಪಾಯಿ. ಅದೂ ಕೇಳೋಕೆ ಮುಜುಗರ ಅವರಿಗೆ, ಯಾಕಂದ್ರೆ ನಮ್ಮೋರು "ನೋಡಿದ್ದಕ್ಕೂ ದುಡ್ಡಾ?" ಅಂತ ಕೇಳ್ತಾರಂತೆ. ಎರಡು ಲಕ್ಷ ಎಂಬತ್ತು ಸಾವಿರ ಉಳಿಸಿದ್ದು ಆ ನೋಡಿದ್ದೇ ಕಣ್ರೀ! ಪಾರ್ಟ್‌ಗೆ ಬಿಲ್ ಇದ್ರೆ ಬಾಯಿ ಮುಚ್ಕೊಂಡು ಕೊಡ್ತೀವಿ, ತಲೆ ಓಡಿಸಿದ್ದಕ್ಕೆ ಕೊಡಲ್ಲ. ಹಾಗಾಗೇ ಅರ್ಧಕ್ಕರ್ಧ ಗ್ಯಾರೇಜಿನವರು ಹುಡುಕೋ ಗೋಜಿಗೇ ಹೋಗದೆ ಪಾರ್ಟ್ ಮೇಲೆ ಪಾರ್ಟ್ ಹಾಕೋದು. ಹುಡುಕಿದ್ರೆ ಅವರಿಗೆ ಸಿಗೋದೇನು?

ಸರಿ, ಹೊಸ ಡಬ್ಬಿಗೆ ಸರ್ವಿಸ್ ಸೆಂಟರಲ್ಲಿ ಕೇಳಿದೆ. 68,000, ಪ್ರೋಗ್ರಾಮಿಂಗ್ ಬೇರೆ, ಬರೋಕೆ ಐದಾರು ವಾರ. ಗುಜರಿಯದ್ದು ತಂದ್ರೆ ಹಾಕ್ಕೊಡ್ತೀರಾ ಅಂದೆ. ಹೊರಗಿನ ಪಾರ್ಟ್ ಮುಟ್ಟಲ್ಲ ಸಾರ್. ಬೆಂಗಳೂರಲ್ಲಿ ಜೆಸಿ ರೋಡಲ್ಲಿ ಕೇಳಿ, ಶಿವಾಜಿನಗರದ ಗುಜರಿಲಿ ಎರಡು ದಿನ ಅಲೆದು, ಆಕ್ಸಿಡೆಂಟ್ ಆದ ಅದೇ ಮಾಡೆಲ್ ಗಾಡಿದು ಸಿಕ್ತು, ಮೇಲಿನ ಪಾರ್ಟ್ ನಂಬರ್ ಕೊನೇ ಅಕ್ಷರದವರೆಗೂ ಒಂದೇ. 9,000 ಅಂದ್ರು ಭಾಯ್, 7,500ಕ್ಕೆ ಬಂದ್ರು.

ಆದ್ರೆ ಹಾಕಿದ ತಕ್ಷಣ ಓಡಲ್ಲ. ಅದರೊಳಗೆ ಇನ್ನೊಂದು ಗಾಡಿಯ ಚಾಸಿ ನಂಬರ್ ಕೂತಿದೆ, ನನ್ನ ಗಾಡಿ ಅದನ್ನ ಒಪ್ಪಲ್ಲ. ದುಡ್ಡು ಕೊಟ್ಟು ತಗೊಂಡ ಗಾಡಿ ನಂದು, ದುಡ್ಡು ಕೊಟ್ಟು ತಗೊಂಡ ಡಬ್ಬಿ ನಂದು, ಎರಡನ್ನೂ ಮಾತಾಡಿಸೋಕೆ ಮಾತ್ರ ಕಂಪನಿ ಅಪ್ಪಣೆ ಬೇಕು! ಇದೇನು ಹೊಸ ತಕರಾರಲ್ಲ. 2014ರಲ್ಲೇ ಕಾಂಪಿಟಿಷನ್ ಕಮಿಷನ್ (ವ್ಯಾಪಾರದಲ್ಲಿ ಪೈಪೋಟಿ ಸರಿಯಾಗಿದ್ಯಾ ಅಂತ ನೋಡೋ ಆಯೋಗ) ಇದೇ ವಿಷಯಕ್ಕೆ, ಬಿಡಿಭಾಗ ಮತ್ತೆ ಸ್ಕ್ಯಾನಿಂಗ್ ಸಲಕರಣೆ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡ್ತಿದ್ದೀರಿ ಅಂತ 14 ಕಾರ್ ಕಂಪನಿಗಳಿಗೆ 2,500 ಕೋಟಿ ಮೇಲೆ ದಂಡ ಹಾಕಿತ್ತು, ಕಂಪನಿಗಳು ಅಪೀಲಿಗೆ ಹೋದ್ವು. 2022ರಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್, ಅಂದ್ರೆ ರಿಪೇರಿ ಮಾಡಿಸೋ ಹಕ್ಕು, ಅಂತ ಸಮಿತಿ ಮಾಡ್ತು, ಪೋರ್ಟಲ್ಲೂ ಬಂತು. ನಾನು ಮಾತ್ರ ಶಿವಾಜಿನಗರದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಅಮೆರಿಕಾದಲ್ಲಿ 2014ರಲ್ಲಿ ಫೋರ್ಡ್ ಕಂಪನಿ ಫಿಯೆಸ್ಟಾ, ಫೋಕಸ್ ಕಾರುಗಳ ಈ ಟಿಸಿಎಂಗೆ 10 ವರ್ಷ ಅಥವಾ 1,50,000 ಮೈಲಿವರೆಗೆ ವಾರಂಟಿ ಏರಿಸಿದ್ದಂತೂ ಇದೆ, ಅಂದ್ರೆ ಈ ಡಬ್ಬಿ ಹೋಗತ್ತೆ ಅನ್ನೋದು ಕಂಪನಿಗಳಿಗೆ ಗೊತ್ತಿಲ್ಲದ್ದೇನಲ್ಲ.

ಕೊನೆಗೆ ಬೆಂಗಳೂರಲ್ಲೇ ಈಸಿಎಂ (ಗಾಡಿ ಕಂಪ್ಯೂಟರ್) ರಿಪೇರಿ ಮಾಡೋ ಒಬ್ಬ ಹುಡುಗ, ಹಳೇ ಡಬ್ಬಿ ಒಳಗಿದ್ದ ಡೇಟಾ ಪೂರ್ತಿ ಓದಿ ಗುಜರಿ ಡಬ್ಬಿಗೆ ಇಳಿಸಿಕೊಟ್ಟ, 6,000. ಹಳೇದು ಬಿಸಿ ಆದ್ರೆ ಮಾತ್ರ ಸಾಯ್ತಿದ್ದಿದ್ದು ಇಲ್ಲಿ ಉಪಯೋಗಕ್ಕೆ ಬಂತು, ಪೂರ್ತಿ ಸತ್ತಿದ್ರೆ ಓದೋಕಾಗ್ತಿರ್ಲಿಲ್ಲ. ಊರಿಗೆ ತಂದು ಹಾಕಿದ್ದು ಅರ್ಧ ಗಂಟೆ. ಬ್ಯಾಟರಿ ನೆಗೆಟಿವ್ ತೆಗಿ, ಕಪ್ಲರ್ ಲಾಕ್ ಎತ್ತು, ಮೂರು ಬೋಲ್ಟ್, ಹೊಸದು ಕೂರಿಸು. ಮೊದಲ ನೂರು ಕಿಲೋಮೀಟರ್ ಗೇರ್ ಬೀಳುವಾಗ ಸಣ್ಣಗೆ ಕುಲುಕ್ತಿತ್ತು. ಹೆದರ್ಬೇಡಿ, ಡಬ್ಬಿಗೆ ಕಲಿಯೋಕೆ ಬಿಡಿ, ಮೆತ್ತಗೆ ಓಡಿಸಿ ಅಂದಿದ್ರು, ಹಾಗೇ ಸರಿಹೋಯ್ತು.

ಒಂದು ಮರೆತಿದ್ದೆ, ನಡುವೆ ಒಂದ್ಸಲ ದಾರೀಲಿ ಪೂರ್ತಿ ನಿಂತಾಗ ಒಬ್ರು ಹಗ್ಗ ಕಟ್ಟಿ ಎಳೀತೀನಿ ಅಂತ ಬಂದ್ರು. ಆಟೋಮ್ಯಾಟಿಕ್ ಗಾಡಿನ ಚಕ್ರ ನೆಲದಲ್ಲಿಟ್ಟು ದೂರ ಎಳೀಬೇಡಿ ದಯವಿಟ್ಟು, ಇಂಜಿನ್ ಆಫ್ ಆದ್ರೆ ಒಳಗಿನ ಆಯಿಲ್ ಪಂಪೂ ಆಫ್, ಒಣಗಿಕೊಂಡೇ ತಿರುಗಿ ಆಗ ನಿಜವಾಗ್ಲೂ ಗೇರ್‌ಬಾಕ್ಸ್ ಹೋಗತ್ತೆ. ಗಾಡಿನ ಮೇಲೇ ಹೇರ್ಕೊಂಡು ಹೋಗೋ ಫ್ಲ್ಯಾಟ್‌ಬೆಡ್ ಕರೆಸಿ.

ಎಂಟು ತಿಂಗಳಾಯ್ತು, ಚಾರ್ಮಾಡಿ ಮೂರು ಸಲ ಹತ್ತಿದ್ದೀನಿ. ಹಳೇ ಡಬ್ಬಿನ ಆ ಎಲೆಕ್ಟ್ರಿಷಿಯನ್ ಅಣ್ಣ "ಬಿಸಾಕೋದಾದ್ರೆ ನನಗೆ ಕೊಡಿ, ಬೆಸುಗೆ ಹಾಕಿ ನೋಡ್ತೀನಿ" ಅಂತ ಇಸ್ಕೊಂಡ್ರು. ಮೊನ್ನೆ ಫೋನ್ ಮಾಡಿದ್ರು, ಸರಿಯಾಗಿದೆಯಂತೆ, ಹೇರ್ ಡ್ರೈಯರ್ ಟೆಸ್ಟಲ್ಲೂ ಪಾಸಂತೆ. ಈಗ ನಮಗೆ ಒಂದು ಸ್ಪೇರ್ ಟಿಸಿಎಂ ಇದ್ದ ಹಾಗಾಯ್ತು, ಗಾಡಿ ಮಾತ್ರ ಇನ್ನೂ ಅದೇ ಸಿಲ್ವರ್ ಓಕ್ ಕೆಳಗೆ, ಬೇರೆ ಜಾಗ ಇಲ್ಲ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಎಲೆ ಆರಿಸೋ ಕೆಲಸ ಅಪ್ಪ ವಹಿಸ್ಕೊಂಡಿದ್ದಾರೆ, ಪ್ರತಿ ಎಲೆಗೂ ಒಂದೊಂದ್ಸಲ ಕೈ ಗೇರಿನ ಗಾಡಿ ವಿಷಯ ಎತ್ಕೊಂಡು.