ಭಾವನ ಗಿಟಾರಿಗೆ ಕಾಯಕಲ್ಪ

ಐರ್ಲೆಂಡಿನ ರೋರಿ ಗ್ಯಾಲಗರ್ ನುಡಿಸುತ್ತಿದ್ದ 1961ರ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರಿನ ಮೈಮೇಲೆ ಬಣ್ಣವೆಂಬುದು ಅಲ್ಲಿಷ್ಟು ಇಲ್ಲಿಷ್ಟು ಉಳಿದಿದೆ, ಅಷ್ಟೆ. ಮಿಕ್ಕದ್ದೆಲ್ಲ ಅವರ ಬೆವರಿನ ಪಾಲಾಗಿದೆ. 2024ರಲ್ಲಿ ಅದು ಹರಾಜಿಗೆ ಬಂದಾಗ ಎಂಟು ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅದಕ್ಕೆ ಎಷ್ಟೋ ಮೊದಲು, 1995ರಿಂದಲೇ, ಫೆಂಡರ್ ಕಂಪನಿ ಹೊಚ್ಚ ಹೊಸ ಗಿಟಾರುಗಳನ್ನು ಕೆರೆದು, ತಿಕ್ಕಿ, ಲೋಹಕ್ಕೆ ಮಬ್ಬು ಹಿಡಿಸಿ, ‘ರೆಲಿಕ್’ ಎಂದು ಹೆಸರಿಟ್ಟು ದುಬಾರಿ ಬೆಲೆಗೆ ಮಾರುತ್ತಿದೆ. ಹೀಗೆ ಜನ ದುಡ್ಡು ಸುರಿದು ಕೊಳ್ಳುವ ಗೀರು, ಕಲೆ, ತುಕ್ಕುಗಳೆಲ್ಲ ನನ್ನ ಭಾವನವರ ಗಿಟಾರಿನ ಮೇಲೆ ಪುಕ್ಕಟೆಯಾಗಿ ಬಂದು ನೆಲೆಸಿದ್ದವು. ಅವನ್ನು ಒಕ್ಕಲೆಬ್ಬಿಸಲು ನಾನು ಟೊಂಕ ಕಟ್ಟಿ ನಿಂತೆ.

ಗಿಟಾರಿನ ಪೂರ್ವಾಪರವನ್ನೂ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಹೆಸರಾಂತ ಗಿಟಾರುಗಳ ಪಡಿಯಚ್ಚುಗಳನ್ನು ಸಾಲುಸಾಲಾಗಿ ಹೊರತರುತ್ತಿದ್ದವು. ಗಿಟಾರಿನ ತಲೆಯ ಆಕಾರ ನಮ್ಮದು ಎಂದು 1977ರಲ್ಲಿ ಗಿಬ್ಸನ್‌ನ ಮಾತೃಸಂಸ್ಥೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ನಮ್ಮದು ಆ ಕಾಲದ ಕೂಸು. ಯಾರ ಕೂಸು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ತಲೆಯ ಮೇಲಿನ ಹೆಸರು ಅಳಿಸಿಹೋಗಿ ಕೊನೆಯ ಒಂದು ಅಕ್ಷರದ ಬಾಲವಷ್ಟೇ ಉಳಿದಿದೆ. ಭಾವನವರು ಯೌವನದಲ್ಲಿ ಅದನ್ನು ವಾದ್ಯವೃಂದದಲ್ಲಿ ನುಡಿಸಿ, ಮದುವೆಯಾದ ಮೇಲೆ ಅಟ್ಟಕ್ಕೇರಿಸಿದ್ದರು. “ನಿನಗೆ ಇಂಥವುಗಳಲ್ಲಿ ಆಸಕ್ತಿ ಇದೆಯಲ್ಲ, ಏನಾದರೂ ಮಾಡು” ಎಂದು ಕೊಟ್ಟರು. ಏನಾದರೂ ಎಂಬುದರ ವ್ಯಾಪ್ತಿ ಎಷ್ಟೆಂದು ಆಗ ಅವರಿಗೂ ತಿಳಿದಿರಲಿಲ್ಲ.

ಮೊದಲು ತಗಾದೆ ತೆಗೆದದ್ದು ಸ್ಕ್ರೂಗಳು. ಜಪಾನಿನ ಹಳೆಯ ಸ್ಕ್ರೂಗಳ ತಲೆಯ ಮೇಲಿನ ಪ್ಲಸ್ ಗುರುತು ಮನೆಯಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅವು ಜೆಐಎಸ್ ಎಂಬ ಜಪಾನಿನ ಮಾನದಂಡದವು. ಫಿಲಿಪ್ಸ್‌ನ ತುದಿ ಅದರೊಳಗೆ ಪೂರ್ತಿ ಇಳಿಯುವುದಿಲ್ಲ. ಬಲ ಹಾಕಿದರೆ ಮೇಲಕ್ಕೆ ಜಾರುತ್ತದೆ, ಜಾರುವಾಗ ಪ್ಲಸ್ಸನ್ನು ಸೊನ್ನೆ ಮಾಡಿ ಹೋಗುತ್ತದೆ. ಭಾವನವರು ತಮ್ಮ ಕಾಲದಲ್ಲಿ ಇಂಥ ಸೊನ್ನೆಗಳನ್ನು ಧಾರಾಳವಾಗಿ ಮಾಡಿಟ್ಟಿದ್ದರು. ಜೆಐಎಸ್ ಸ್ಕ್ರೂಡ್ರೈವರ್ ತರಿಸಿದ ಮೇಲೆ ಹೆಚ್ಚಿನವು ಮರುಮಾತಿಲ್ಲದೆ ಹೊರಬಂದವು. ತಂತಿಗಳಿಗೆ ಬುಡದಲ್ಲಿ ಆಸರೆಯಾಗುವ ಬ್ರಿಡ್ಜನ್ನು ಹಿಡಿದಿದ್ದ ಒಂದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದಕ್ಕೆ ಬಿಸಿ ಮುಟ್ಟಿಸುವುದೇ ಮದ್ದು. ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಒತ್ತಿ ಹಿಡಿದರೆ ಲೋಹ ಹಿಗ್ಗಿ, ಮರಕ್ಕೂ ತುಕ್ಕಿಗೂ ಬಿದ್ದ ಗಂಟು ಸಡಿಲವಾಗುತ್ತದೆ. ಹಿಡಿದುಕೊಂಡು ಕುಳಿತೆ. ತಲೆಯ ಸುತ್ತ ಕಂದು ಬಣ್ಣದ ಅಂಟೊಂದು ಗುಳ್ಳೆಯೆದ್ದಿತು, ಸುಟ್ಟ ಮರದ ವಾಸನೆ ಬಂತು, ತಣ್ಣಗಾಗುವಾಗ ‘ಟಿಕ್’ ಎಂದಿತು. ತಿರುಗಿಸಿದೆ, ಕಾಲು ಸುತ್ತು ಬಂತು. ಆ ಕಾಲು ಸುತ್ತಿನ ಸಂತೋಷವನ್ನು ಹಂಚಿಕೊಳ್ಳಲು ಅಡುಗೆಮನೆಗೆ ಓಡಿದೆ. “ಇನ್ನು ಮುಕ್ಕಾಲು ಸುತ್ತು ಇದೆಯಲ್ಲ” ಎಂದಳು ಹೆಂಡತಿ.

ಬಣ್ಣದ ಕಥೆ ಬೇರೆ. ಹಳೆಯ ಗಿಟಾರುಗಳಿಗೆ ಬಳಿಯುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ಅಸಿಟೋನ್ ಸೋಕಿದರೆ ಕರಗುತ್ತದೆ. ಅರವತ್ತರ ದಶಕದ ಕೊನೆಗೆ ಬಂದ ಪಾಲಿಯೆಸ್ಟರ್ ಲೇಪ ಅಸಿಟೋನಿಗೆ ಕ್ಯಾರೇ ಎನ್ನುವುದಿಲ್ಲ. ಗೀರು ಬೀಳದಂತೆ ಮೈಗೆ ಕೂರಿಸಿದ ಪಿಕ್‌ಗಾರ್ಡ್ ಎಂಬ ತಗಡಿನ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಹತ್ತಿಯಿಂದ ಒಂದು ಹನಿ ಒತ್ತಿ ನೋಡಿದೆ. ಹತ್ತಿ ಬಿಳಿಯಾಗಿಯೇ ಉಳಿಯಿತು. ಒತ್ತಿದ ಜಾಗ ಇನ್ನಷ್ಟು ಸ್ವಚ್ಛವಾಗಿ ನನ್ನತ್ತ ನೋಡಿ ನಕ್ಕಿತು. ಪಾಲಿಯೆಸ್ಟರ್ ಎಂದರೆ ಬಣ್ಣವಲ್ಲ, ಹಲಸಿನ ಹಣ್ಣಿನ ಸಿಪ್ಪೆ. ಹೀಟ್ ಗನ್ ಹಿಡಿದು ಕಾಯಿಸಿ, ಮೆತ್ತಗಾದ ಗಳಿಗೆಯಲ್ಲಿ ಕರಣೆ ತೂರಿಸಿ ಎಬ್ಬಿಸಬೇಕು. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಒಳಗಿನ ಮರ ಕರಕಲಾಗುತ್ತದೆ, ಒಂದು ಕ್ಷಣ ಕಡಿಮೆಯಾದರೆ ಚೂರುಗಳು ಸಿಡಿದು ಮನೆಯ ಮೂಲೆ ಮೂಲೆ ಸೇರುತ್ತವೆ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಯಲ್ಲಿ ಬಿಸಿಗಾಳಿಯ ಬಂದೂಕು ಹಿಡಿದು ನಿಂತ ನನ್ನನ್ನು ಕಂಡು ಕೊರಿಯರ್ ಹುಡುಗ ಪೊಟ್ಟಣವನ್ನು ಗೇಟಿನಲ್ಲೇ ಇಟ್ಟು ಹೋದ.

ಹೊಸ ಬಣ್ಣಕ್ಕೆ ಫಿಯೆಸ್ಟಾ ರೆಡ್ ಆರಿಸಿದೆ, ಅದೂ ಹಳೆಯ ಕಾಲದ ನೈಟ್ರೋ ಲ್ಯಾಕರಿನಲ್ಲಿ. ಆ ಕಾಲದ ಗಿಟಾರುಗಳ ಚಂದದ ಬಣ್ಣಗಳೆಲ್ಲ ಕಾರುಗಳಿಂದ ಬಂದವು. ಲೇಕ್ ಪ್ಲಾಸಿಡ್ ಬ್ಲೂ ಎಂಬ ನೀಲಿ ಕ್ಯಾಡಿಲಾಕ್‌ನದು. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್‌ನದು. ಹೆಸರಿನಲ್ಲಿ ಕೆಂಪಿದೆಯೇ ಹೊರತು ಅದು ಬೆಳಗ್ಗೆ ಕಿತ್ತಳೆಯ ಕಡೆಗೂ ಸಂಜೆ ಗುಲಾಬಿಯ ಕಡೆಗೂ ವಾಲುವ ಚಂಚಲ ಬಣ್ಣ. “ಅಪ್ಪಾ, ಗುಲಾಬಿ ಗಿಟಾರ್ ತುಂಬಾ ಚೆನ್ನಾಗಿದೆ” ಎಂದು ಮಗಳು ಮೆಚ್ಚಿಕೊಂಡಳು. ಕೆಂಪು ಎಂದು ನಾನು ವಾದಿಸಿದೆ. ಕಾರಿನ ಇತಿಹಾಸ ಹೇಳಿದೆ. ಮನೆಯಲ್ಲಿ ಅದು ಇವತ್ತಿಗೂ ಗುಲಾಬಿ ಗಿಟಾರ್.

ಸಿಂಪಡಿಸುವ ಕೆಲಸಕ್ಕೆ ಹವಾಮಾನದ ಅನುಮತಿ ಬೇಕು. ಗಾಳಿಯಲ್ಲಿ ತೇವವಿದ್ದರೆ, ಲ್ಯಾಕರಿನ ದ್ರಾವಕ ಆರುವಾಗ ಮೇಲ್ಮೈ ತಂಪಾಗಿ, ಅದರ ಮೇಲೆ ಹಬೆ ಕೂತು, ಬಣ್ಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನನ್ನ ಕೆಂಪು ನೋಡನೋಡುತ್ತಿದ್ದಂತೆ ವಿಭೂತಿ ಬಳಿದುಕೊಂಡಿತು. ನಿಧಾನವಾಗಿ ಆರುವ ಥಿನ್ನರ್ ಹೊಡೆದು ಅದನ್ನು ತೆಗೆದದ್ದಾಯಿತು. ತೇವ ಹೋದ ಮೇಲೆ ಕೀಟಗಳು ಬಂದವು. ಅಷ್ಟು ದೊಡ್ಡ ಜಗತ್ತಿನಲ್ಲಿ ಇಳಿಯಲು ಬೇರೆ ಜಾಗವೇ ಇಲ್ಲವೆಂಬಂತೆ ಸೊಳ್ಳೆಯೊಂದು ಹಸಿ ಲ್ಯಾಕರಿನ ನಟ್ಟನಡುವೆ ಬಂದು ಕೂತು, ನಾಲ್ಕು ಹೆಜ್ಜೆ ನಡೆದು, ಅಲ್ಲೇ ಪ್ರಾಣ ಬಿಟ್ಟಿತು. ಚಿಮಟದಿಂದ ಎತ್ತಿದಾಗ ಸೊಳ್ಳೆ ಬಂತು, ಒಂದು ಕಾಲು ಬರಲಿಲ್ಲ. ಮೇಲೆ ಇನ್ನೊಂದು ಕೋಟ್ ಬಿದ್ದಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಲು ಕಾಣುತ್ತದೆ.

ನೈಟ್ರೋ ಮುಟ್ಟಿದರೆ ಒಣಗಿದೆ ಎನಿಸುತ್ತದೆ, ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಪೂರ್ತಿ ಆರಿತೇ ಎಂದು ತಿಳಿಯಲು ಬಲ್ಲವರ ಉಪಾಯ ಒಂದೇ: ಮೂಸಿ ನೋಡುವುದು. ವಾಸನೆ ಇದ್ದರೆ ಉಜ್ಜಬಾರದು. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಬಾಲ್ಕನಿಯಲ್ಲಿ ತೂಗುಹಾಕಿದ ಗಿಟಾರಿನ ಹೊಟ್ಟೆಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವುದು ನನ್ನ ನಿತ್ಯಕರ್ಮವಾಯಿತು. ಎದುರು ಮನೆಯವರು ಮೊದಮೊದಲು ಕೈ ಬೀಸುತ್ತಿದ್ದರು. ಆಮೇಲೆ ಪರದೆ ಹಾಕಿಸಿಕೊಂಡರು. ಈ ಲ್ಯಾಕರಿಗೆ ರಬ್ಬರಿನ ಸಹವಾಸವೂ ಆಗದು. ಸ್ಟ್ಯಾಂಡಿನ ರಬ್ಬರ್ ತಗುಲಿದ ಜಾಗ ಮೆತ್ತಗಾಗಿ ಕಲೆ ಬೀಳುತ್ತದೆ. ಮಗಳು ಪ್ರೀತಿಯಿಂದ ತಂದುಕೊಟ್ಟ ಸ್ಟ್ಯಾಂಡಿಗೆ ನಾನು ಹಳೆಯ ಬನಿಯನ್ ಸುತ್ತಿದೆ. ಅವಳು ಮೂರು ದಿನ ಮಾತು ಬಿಟ್ಟಳು.

ವಿದ್ಯುತ್ತಿನ ಭಾಗ ಕೈಕೊಡುತ್ತದೆ ಎಂದುಕೊಂಡಿದ್ದೆ, ಕೊಡಲಿಲ್ಲ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಒಳಗೆ ಹೊಡೆದು ಹಿಂದೆ ಮುಂದೆ ತಿರುಗಿಸಿದ್ದಕ್ಕೆ ಸುಮ್ಮನಾಯಿತು.

ಲೋಹ ಹಾಗಲ್ಲ. ತುಕ್ಕಿಗೆ ವಿನೆಗರ್ ಎಂದು ಎಲ್ಲರೂ ಹೇಳುತ್ತಾರೆ. ಅದು ಕಬ್ಬಿಣದ ತುಕ್ಕನ್ನು ತಿನ್ನುವುದು ನಿಜ. ಜೊತೆಗೆ ಸತುವಿನ ಲೇಪವನ್ನೂ ತಿನ್ನುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕ್ರೋಮ್ ಆದರೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜುವುದು ಉತ್ತಮ. ಬ್ರಿಡ್ಜನ್ನು ಮುಚ್ಚುವ ಕ್ರೋಮ್ ಡಬ್ಬಿಯಂಥ ಕವಚವೊಂದಿತ್ತು. ನನ್ನ ಪರಿಶ್ರಮದ ಬಹುಪಾಲನ್ನು ನುಂಗಿದ್ದು ಅದೇ. ಹೊರಮೈ ಬೇಗ ಕನ್ನಡಿಯಾಯಿತು, ಒಳಗಿನ ಕಪ್ಪು ಕಲೆಗಳು ಬಡಪೆಟ್ಟಿಗೆ ಬಗ್ಗಲಿಲ್ಲ. ಹಾಳೆ, ಪಾಲಿಷ್, ಹಳೆಯ ಟೂತ್‌ಬ್ರಷ್ ಎಲ್ಲ ಸವೆದವು. ರಾತ್ರಿ ಸುದ್ದಿ ನೋಡುತ್ತಾ ಉಜ್ಜಿದೆ, ಫೋನಿನಲ್ಲಿ ಮಾತನಾಡುತ್ತಾ ಉಜ್ಜಿದೆ. ಕೊನೆಗೂ ಒಳಗೆ ನನ್ನ ಮುಖ ತಲೆಕೆಳಗಾಗಿ ಕಂಡಿತು.

ಭಾವನವರು ಬಂದರು. ಗಿಟಾರನ್ನು ಸುತ್ತ ತಿರುಗಿಸಿ ನೋಡಿ, “ಗುಲಾಬಿ ಬಣ್ಣ ಚೆನ್ನಾಗಿ ಬಂದಿದೆ” ಎಂದರು. ತೊಡೆಯ ಮೇಲಿಟ್ಟುಕೊಂಡು, ನುಡಿಸುವ ಮೊದಲು ಕ್ರೋಮ್ ಕವಚವನ್ನು ಹೆಬ್ಬೆರಳಿನಿಂದ ಪಟಕ್ಕನೆ ಎಬ್ಬಿಸಿ ಪಕ್ಕಕ್ಕಿಟ್ಟರು.

“ಭಾವ, ಅದು ಅಲ್ಲೇ ಇರಬೇಕಾದ್ದು!”

“ಇದನ್ನು ಇಟ್ಟುಕೊಂಡು ನುಡಿಸುವವರು ಯಾರಯ್ಯಾ? ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿಯಲು ಆಗುವುದಿಲ್ಲ. ನಾವು ಆಗಲೇ ಕಿತ್ತಿಟ್ಟು ಸಿಗರೇಟಿನ ಬೂದಿ ಕೊಡವಲು ಇಟ್ಟುಕೊಂಡಿದ್ದೆವು” ಎಂದರು. ಒಳಗೊಮ್ಮೆ ಇಣುಕಿ, “ಅರೆ, ಇದರ ಕರೆ ಹೋಗುತ್ತದೆಯೇ?” ಎಂದು ಆಶ್ಚರ್ಯಪಟ್ಟರು.

ಅವರು ನುಡಿಸುತ್ತಿರುವಾಗಲೇ ಮಗಳು ಅದನ್ನು ಎತ್ತಿಕೊಂಡು ಹೋಗಿ ತನ್ನ ಹೇರ್‌ಪಿನ್ನುಗಳನ್ನು ಅದರಲ್ಲಿ ಸುರಿದುಕೊಂಡಳು. ಹೆಂಡತಿ ನೋಡಿ, “ಇಷ್ಟು ದಿನಕ್ಕೆ ಉಪಯೋಗಕ್ಕೆ ಬರುವ ಒಂದು ವಸ್ತು ಮಾಡಿದಿರಿ” ಎಂದಳು.